ಗಂಜಿನಲ್ಲಿ ಒಂದು ಚೀಟಿ

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿ ಗಾಡಿಗಳು ಸಾಲುಗಟ್ಟಿದ್ದವು. ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿಯಲ್ಲಿ ತೂಕ ಮುಗಿದಿತ್ತು, ಆದರೆ ಖರೀದಿದಾರರಿಂದ ದುಡ್ಡು ಬಂದಿರಲಿಲ್ಲ.

ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಕಟ್ಟೆ ಮೇಲೆ ಕೂತೇ ಇದ್ದರು. "ಸಾವ್ಕಾರ್ರೇ, ಮಗಳ ಮದುವಿ ಬಟ್ಟಿ ತಗೋಬೇಕ್ರಿ" ಎಂದರು. ಸಾಹುಕಾರರು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. "ಬಟ್ಟಿ ಅಂಗಡ್ಯಾಗ ಇದನ್ನ ಕೊಡ್ರಿ, ಸಾಕು." ರೈತರು ಅದನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡರು. ಸಂಜೆ ಸೀರೆಯ ಗಂಟು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ನಾನೇ ನೋಡಿದೆ.

ಆ ವಾರ ನಾನು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹಣ ಹೊಂದಿಸಿದ ವ್ಯಾಪಾರಿ ರಾಬರ್ಟ್ ಮಾರಿಸ್ ಬಗ್ಗೆ ಓದುತ್ತಿದ್ದೆ. ಹುಟ್ಟಿದ್ದು 1734ರಲ್ಲಿ, ಲಿವರ್‌ಪೂಲ್‌ನಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ, ಫಿಲಡೆಲ್ಫಿಯಾದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ನಮ್ಮ ಹಾಗೇ ಲೆಕ್ಕ ಕಲಿತವರು. ಆಮೇಲೆ ಹಡಗುಗಳ ದೊಡ್ಡ ಸಾಹುಕಾರರಾದರು. ಅವರ ಕಂಪನಿ ಗುಲಾಮರ ವ್ಯಾಪಾರವನ್ನೂ ಮಾಡಿತ್ತು. ಅದನ್ನು ಓದಿದಾಗ ಹೊಟ್ಟೆ ಕಿವುಚಿದ ಹಾಗಾಯಿತು.

1776ರ ಜುಲೈ 2ರಂದು ಬ್ರಿಟನ್ನಿನಿಂದ ಅಮೆರಿಕದ ಸ್ವಾತಂತ್ರ್ಯಕ್ಕೆ ಮತ ಹಾಕುವ ಹೊತ್ತಿಗೆ ಅವರು ದೂರ ಉಳಿದರು. ಇನ್ನೂ ಕಾಲ ಬಂದಿಲ್ಲ ಅನ್ನಿಸಿತ್ತು ಅವರಿಗೆ. ಆಗಸ್ಟ್‌ನಲ್ಲಿ ಮಾತ್ರ ಘೋಷಣೆಗೆ ಸಹಿ ಹಾಕಿದರು. 1781ರಲ್ಲಿ ಹೊಸ ದೇಶದ ಹಣಕಾಸು ಅವರ ಕೈಗೆ ಬಂತು. ಸರ್ಕಾರದ ನೋಟು ಕಾಸಿಗೂ ಬೇಡವಾಗಿತ್ತು. ಆಗ ಓಡಿದ್ದು ಮಾರಿಸ್ ಸ್ವಂತ ಹೆಸರಿನಲ್ಲಿ ಬರೆದುಕೊಟ್ಟ ಚೀಟಿಗಳು! ಸೇನಾಪತಿ ಜಾರ್ಜ್ ವಾಷಿಂಗ್ಟನ್ನರ ಸೈನ್ಯ ಬ್ರಿಟಿಷರ ವಿರುದ್ಧ ಕಾದಲು ಯಾರ್ಕ್‌ಟೌನ್‌ಗೆ ನಡೆದಾಗ ಖರ್ಚಿಗೆ ಆಸರೆಯಾಗಿದ್ದೂ ಅವರ ಸಾಲ, ಅವರ ಸಹಿ. ನಮ್ಮ ಸಾಹುಕಾರರ ಚೀಟಿಗೂ ಅದಕ್ಕೂ ಏನು ವ್ಯತ್ಯಾಸ, ಹೇಳಿ? ಎರಡರ ಹಿಂದೆಯೂ ಇದ್ದದ್ದು ಒಬ್ಬ ಮನುಷ್ಯನ ಮಾತು, ಅಷ್ಟೇ ಅಲ್ವಾ.

ಯುದ್ಧ ಮುಗಿದ ಮೇಲೆ ಅದೇ ಕೈ ಜಮೀನಿನ ಆಸೆಗೆ ಸಹಿ ಹಾಕುತ್ತಾ ಹೋಯಿತು. ಲಕ್ಷಗಟ್ಟಲೆ ಎಕರೆ, ಎಲ್ಲಾ ಸಾಲದ ಮೇಲೆ. ಸಾಲ ತೀರಿಸಲಾಗದೆ 1798ರಲ್ಲಿ ಸಾಲಗಾರರ ಜೈಲು ಸೇರಿದರು, ಮೂರು ವರ್ಷಕ್ಕೂ ಜಾಸ್ತಿ. ಅದೇ ವರ್ಷ ವಾಷಿಂಗ್ಟನ್ ಜೈಲಿಗೇ ಹೋಗಿ ಅವರ ಜೊತೆ ಊಟ ಮಾಡಿದರು. ಆ ಸಾಲನ್ನು ನಾನು ಎರಡು ಸಲ ಓದಿದೆ.

ಮೂರನೇ ದಿನ ನಮ್ಮ ದುಡ್ಡು ಬಂತು. ಬಟ್ಟೆ ಅಂಗಡಿಯ ಹುಡುಗ ಚೀಟಿ ತಂದ. ಸಾಹುಕಾರರು ಹಣ ಎಣಿಸಿ ಕೊಟ್ಟು, "ಜಮಾ ಆತೇನ್ರಿ?" ಎಂದು ನನ್ನನ್ನು ಕೇಳಿದರು. ಖಾತೆಯಲ್ಲಿ ನನ್ನ ಬೆರಳು ಆ ಸಾಲಿನ ಮೇಲೆ ನಿಂತ ಮೇಲೆಯೇ ಚೀಟಿ ಹರಿದರು.