ಹಳೇಬೀಡಿನ ಕುದುರೆ ಸಾಲು

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಏಳಕ್ಕೇ ಹಳೇಬೀಡಿನ ಬಸ್ ಸಿಕ್ಕಿತು. ಜೊತೆಗೆ ಅಣ್ಣನ ಮಗಳಿದ್ದಳು. ಅವಳು ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಮೂರು ವಾರದಿಂದ ಒಂದು ಕುದುರೆ ಬರೆಯುತ್ತಿದ್ದಾಳೆ, ಅದು ಓಡುತ್ತಲೇ ಇಲ್ಲ, ಸುಮ್ನೆ ತೇಲುತ್ತದೆ. "ಹಳೇಬೀಡಿನ ಗೋಡೆಯಲ್ಲಿ ಬೇಕಾದಷ್ಟು ಕುದುರೆಗಳಿವೆ, ಬಾ" ಅಂತ ನಾನೇ ಕರೆದಿದ್ದೆ.

ಹೊಯ್ಸಳೇಶ್ವರ ದೇವಸ್ಥಾನಕ್ಕೆ ಬೇಗ ಹೋಗಬೇಕು. ಮಧ್ಯಾಹ್ನವಾದರೆ ಬರಿಗಾಲಿಗೆ ಜಗತಿಯ, ಅಂದರೆ ಗುಡಿ ನಿಂತ ಕಟ್ಟೆಯ, ಕಲ್ಲು ಸುಡುತ್ತದೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಲಗಾಮಿನ ಎಳೆಯೂ ಇನ್ನೂ ಕಾಣುತ್ತದೆ.

ಗೋಡೆ ನೇರವಾಗಿಲ್ಲ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮಡಚಿಕೊಂಡಿದೆ. ಒಂದು ಮೂಲೆಯಲ್ಲಿ ನಿಂತರೆ ಒಂದು ಶಿಲ್ಪ ಎದುರಿಗೆ, ಪಕ್ಕದ್ದು ಓರೆಯಾಗಿ. ಎರಡು ಹೆಜ್ಜೆ ಇಟ್ಟರೆ ಅದೇ ತಿರುಗುಮುರುಗು. ಅಲ್ಲಿ ನಿಂತಾಗ ನನಗೆ ಕ್ಯೂಬಿಸಂ ನೆನಪಾಯಿತು. ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್ 1907ರ ನಂತರ ಪ್ಯಾರಿಸ್‌ನಲ್ಲಿ ಹಿಡಿದ ದಾರಿ ಅದು: ಒಂದು ವಸ್ತುವಿನ ಸುತ್ತ ನಡೆದು, ಕಂಡ ಎಲ್ಲ ಮುಖಗಳನ್ನೂ ಒಂದೇ ಚಿತ್ರದಲ್ಲಿ ಇಡುವುದು. ಹೊಯ್ಸಳ ಶಿಲ್ಪಿಗಳು ಅದನ್ನೇ ಮೊದಲು ಮಾಡಿದ್ದರು ಅಂತ ನಾನು ಹೇಳುವುದಿಲ್ಲ. ಅವರ ಉದ್ದೇಶವೇ ಬೇರೆ. ಆದರೆ ಸುತ್ತುತ್ತಾ ನೋಡುವುದು ಅಂದರೆ ಏನು ಅಂತ ನನ್ನ ಕಾಲಿಗೆ ತಿಳಿದದ್ದು ಇಲ್ಲೇ.

ಅವಳ ತೊಂದರೆ ಬೇರೆಯದು. ಅವಳಿಗೆ ತಾನು ನಡೆಯುವುದು ಬೇಡ, ಕುದುರೆ ಓಡಬೇಕು. ಮೊಬೈಲಿನಲ್ಲಿ 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಫೋಟೊಗಳನ್ನು ತೋರಿಸಿದಳು. ದಾರಿಯುದ್ದಕ್ಕೂ ಕ್ಯಾಮೆರಾ ಜೋಡಿಸಿ ತೆಗೆದವು. ಓಡುವ ಕುದುರೆಯ ನಾಲ್ಕೂ ಗೊರಸು ಒಂದು ಕ್ಷಣ ನೆಲ ಬಿಡುವುದು ನಿಜ, ಆದರೆ ಕಾಲು ಹಿಂದೆ ಮುಂದೆ ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ. ಅದಕ್ಕೂ ಮುಂಚೆ ಎಷ್ಟೋ ಚಿತ್ರಕಾರರು ಚಾಚಿದ ಕಾಲನ್ನೇ ಬರೆದಿದ್ದರು.

ಈ ಬಗೆಯ ಫೋಟೊಗಳು ಚಿತ್ರಕಲೆಯನ್ನು ಅಲುಗಾಡಿಸಿದವು. 1912ರಲ್ಲಿ ಫ್ರಾನ್ಸಿನ ಚಿತ್ರಕಾರ ದ್ಯುಶಾಂ ಮೆಟ್ಟಿಲಿಳಿಯುವ ಒಂದೇ ದೇಹವನ್ನು ಹತ್ತಾರು ಭಂಗಿಗಳಲ್ಲಿ ಒಂದರ ಮೇಲೊಂದು ಬರೆದ. ಕ್ಯೂಬಿಸ್ಟ್ ಗೆಳೆಯರಿಗೇ ಅದು ಹಿಡಿಸಲಿಲ್ಲ. ಚಿತ್ರದ ಹೆಸರು ಬದಲಿಸು ಅಂದರು. ಅವನು ಪ್ರದರ್ಶನದಿಂದಲೇ ಚಿತ್ರವನ್ನು ವಾಪಸ್ ತಂದ. ಅದೇ ವರ್ಷ ವೇಗವನ್ನೇ ಚಿತ್ರಿಸಬೇಕೆಂದ ಇಟಲಿಯ ಫ್ಯೂಚರಿಸ್ಟ್ ಗುಂಪಿನ ಬಾಲ್ಲಾ ಸರಪಳಿ ಕಟ್ಟಿದ ಒಂದು ನಾಯಿ ಬರೆದ. ಕಾಲುಗಳನ್ನು ಎಣಿಸುವುದಕ್ಕೇ ಆಗುವುದಿಲ್ಲ, ಬಾಲವೂ ಬೀಸಣಿಗೆಯ ಹಾಗೆ ಹರಡಿಕೊಂಡಿದೆ.

ಮೊಬೈಲಿನಲ್ಲಿ ಆ ನಾಯಿಯನ್ನು ನೋಡಿ ಅವಳು ನೆಟ್ಟಗೆ ಕೂತಳು. "ಚಿಕ್ಕಪ್ಪ, ಇದು ಸ್ಮಿಯರ್ ಅಲ್ವಾ!" ಅಂದಳು. ಕಾರ್ಟೂನಿನಲ್ಲಿ ವೇಗ ತೋರಿಸಲು ಒಂದೆರಡು ಫ್ರೇಮಿನಲ್ಲಿ ಕೈಕಾಲುಗಳನ್ನು ಎಳೆದು, ಹೆಚ್ಚಿಗೆ ಬರೆದು ಬಿಡುತ್ತಾರೆ. ಅದಕ್ಕೆ ಆ ಹೆಸರು. ನಿಲ್ಲಿಸಿ ನೋಡಿದರೆ ವಿಕಾರ. ಓಡಿಸಿದರೆ ಕಣ್ಣಿಗೆ ವೇಗ ಮಾತ್ರ ಕಾಣುತ್ತದೆ. ನನಗೆ ತುಂಬಾ ಖುಷಿಯಾಯಿತು. ಮ್ಯೂಸಿಯಂ ಗೋಡೆಯ ಚಿತ್ರವೊಂದು ಮಕ್ಕಳು ನೋಡುವ ಕಾರ್ಟೂನಿನಲ್ಲಿ ಉಸಿರಾಡುತ್ತಿದೆ ಅಂದರೆ ಸಣ್ಣ ಮಾತಲ್ಲ.

ಅವಳು ಮತ್ತೆ ಗೋಡೆಗೆ ಹೋದಳು. ಕುದುರೆ ಸಾಲಿನ ಎತ್ತರಕ್ಕೆ ಬಗ್ಗಿ, ಒಂದೊಂದು ಕುದುರೆಗೂ ಒಂದೊಂದು ಫೋಟೊ ತೆಗೆಯುತ್ತಾ ಪಕ್ಕಕ್ಕೆ ಸರಿದಳು. ಒಟ್ಟು 36.

ಅಲ್ಲಿಂದ ಬೇಲೂರು 16 ಕಿಲೋಮೀಟರ್. ಚೆನ್ನಕೇಶವ ದೇವಸ್ಥಾನದ ದರ್ಪಣ ಸುಂದರಿಯನ್ನು ಕತ್ತೆತ್ತಿ ನೋಡಿದೆವು. ಜನ ಜಾಸ್ತಿ ಇದ್ದರು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹಾಸನಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲೇ ಅವಳು ಫೋಟೊಗಳನ್ನು ಜೋಡಿಸಿದಳು. ಸೆಕೆಂಡಿಗೆ 12ರಂತೆ, ಬರೀ ಮೂರು ಸೆಕೆಂಡ್. ನಡುನಡುವೆ ತಾನು ಬರೆದ ಎರಡು ಚಿತ್ರ ಸೇರಿಸಿದಳು, ಒಂದರಲ್ಲಿ ಕುದುರೆಗೆ ಹತ್ತು ಕಾಲು. ಬೆರಳಿಟ್ಟು ಓಡಿಸಿದಳು. ಸವಾರ ಕುಲುಕಿದ, ಗೊರಸು ನೆಲ ಬಿಟ್ಟಿತು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ, "ಇನ್ನೊಂದ್ಸಲ ಓಡ್ಸವ್ವ" ಅಂದರು.