ಮಲೇರಿಯಾ ಸ್ಲೈಡ್ ಕೆಡುವುದು ಮೈಕ್ರೋಸ್ಕೋಪಿನ ಕೆಳಗಲ್ಲ

ರಕ್ತ ಹರಡಿದ ಗಾಜಿನ ಸ್ಲೈಡಿನಲ್ಲಿ ಮಲೇರಿಯಾದ ಪರೋಪಜೀವಿ ಕಾಣದೆ ಹೋದರೆ ಕಣ್ಣನ್ನು ದೂರುವ ಮೊದಲು ಬಣ್ಣ ಹಾಕಿದ ರೀತಿಯನ್ನು ನೋಡಿ. ಬಹುಪಾಲು ತಪ್ಪುಗಳು ಅಲ್ಲೇ ಆಗಿರುತ್ತವೆ.

ಒಂದೇ ಗಾಜಿನ ಮೇಲೆ ಎರಡು ಲೇಪ ಬೇಕು. ದಪ್ಪ ಲೇಪಕ್ಕೆ ಸುಮಾರು 6 ಮೈಕ್ರೋಲೀಟರ್ ರಕ್ತವನ್ನು 12 ಮಿ.ಮೀ. ಅಗಲದ ವೃತ್ತವಾಗಿ ಹರಡಬೇಕು. ತೆಳು ಲೇಪ ಎಳೆಯಲು 2 ಮೈಕ್ರೋಲೀಟರ್ ಸಾಕು. ಹಸಿಯಿರುವಾಗಲೇ ದಪ್ಪ ಲೇಪವನ್ನು ಮುದ್ರಿತ ಹಾಳೆಯ ಮೇಲಿಟ್ಟು ನೋಡಿ. ಕೆಳಗಿನ ಅಕ್ಷರ ಕಷ್ಟಪಟ್ಟು ಓದುವಷ್ಟು ಕಂಡರೆ ದಪ್ಪ ಸರಿಯಿದೆ.

ಒಣಗಿದ ಮೇಲೆ ತೆಳು ಲೇಪವನ್ನಷ್ಟೇ ಮೆಥನಾಲಿನಲ್ಲಿ ಒಂದೆರಡು ಸೆಕೆಂಡ್ ಅದ್ದಬೇಕು. ದಪ್ಪ ಲೇಪಕ್ಕೆ ಮೆಥನಾಲ್ ಮಾತ್ರವಲ್ಲ, ಅದರ ಆವಿಯೂ ತಾಗಬಾರದು. ಅಲ್ಲಿ ಕೆಂಪು ಕಣಗಳು ಪದರ ಪದರವಾಗಿ ಕೂತಿರುತ್ತವೆ. ಬಣ್ಣದ ದ್ರಾವಣದ ನೀರು ತಾಗಿದಾಗ ಅವು ಒಡೆದು, ಹಿಮೋಗ್ಲೋಬಿನ್ ಹೊರಹೋಗಿ, ಬಿಳಿ ಕಣಗಳು ಮತ್ತು ಪರೋಪಜೀವಿಗಳಷ್ಟೇ ಉಳಿಯಬೇಕು. ಮೆಥನಾಲ್ ತಾಗಿದರೆ ಕಣಗಳು ಒಡೆಯುವುದೇ ಇಲ್ಲ, ಲೇಪದ ಆಚೆಗೆ ಬೆಳಕು ಹಾಯುವುದಿಲ್ಲ. ಬಿಸಿಲಲ್ಲಿ ಒಣಗಿಸಿದರೂ, ಬಣ್ಣ ಹಾಕದೆ ದಿನಗಟ್ಟಲೆ ಇಟ್ಟರೂ ಇದೇ ಗತಿ.

ಜೀಮ್ಸಾ ಎಂಬ ಬಣ್ಣವನ್ನು ಬೆರೆಸುವ ಬಫರ್ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಪಿಎಚ್ 7.2 ಇರಲಿ. ಆಮ್ಲೀಯವಾದರೆ ಎಲ್ಲವೂ ಕೆಂಪಾಗಿ, ಮಲೇರಿಯಾ ಪರೋಪಜೀವಿಯ ಒಂದು ಬಗೆಯಾದ ವೈವಾಕ್ಸ್‌ನ ಷುಫ್ನರ್ ಚುಕ್ಕೆಗಳು (ಸೋಂಕಿತ ಕೆಂಪು ಕಣದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಕಾಣೆಯಾಗುತ್ತವೆ. 3% ದ್ರಾವಣಕ್ಕೆ 45–60 ನಿಮಿಷ, ತುರ್ತಿದ್ದರೆ 10% ದ್ರಾವಣಕ್ಕೆ 10–15 ನಿಮಿಷ. ನನ್ನ ಮತ 3%ಕ್ಕೇ. ಮೂಲ ಬಣ್ಣದ ಬಾಟಲಿಯನ್ನು ಕುಲುಕಬೇಡಿ, ತಳದ ಗಷ್ಟು ಮೇಲೇಳುತ್ತದೆ. ಒದ್ದೆ ಪಿಪೆಟ್ ಹಾಕಿದರಂತೂ ಬಾಟಲಿಯೇ ಹಾಳು.

ತೊಳೆಯುವಾಗ ಬಣ್ಣವನ್ನು ಬಗ್ಗಿಸಿ ಚೆಲ್ಲುವುದು ತೀರಾ ಸಾಮಾನ್ಯ ತಪ್ಪು. ಮೇಲೆ ತೇಲುವ ಲೋಹದ ಹೊಳಪಿನ ಪೊರೆ ನೇರವಾಗಿ ಲೇಪದ ಮೇಲೆ ಕೂರುತ್ತದೆ. ಒಂದು ಅಂಚಿನಿಂದ ಬಫರ್ ಮೆಲ್ಲಗೆ ಬಿಟ್ಟು ಪೊರೆಯನ್ನು ತೇಲಿಸಿ ಕಳಿಸಿ, ಆಮೇಲೆ ತೊಳೆಯಿರಿ.

ನೋಡುವಾಗ ಎಣ್ಣೆ ಹಾಕಿ 100ಎಕ್ಸ್ ಲೆನ್ಸ್. ದಪ್ಪ ಲೇಪದ ಕನಿಷ್ಠ 100 ಕ್ಷೇತ್ರ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ) ನೋಡದೆ ನೆಗೆಟಿವ್ ಎಂದು ಬರೆಯುವಂತಿಲ್ಲ. ಎಣಿಕೆ ಬಿಳಿ ಕಣಗಳ ಲೆಕ್ಕದಲ್ಲಿ: 200 ಬಿಳಿ ಕಣ ಎಣಿಸುವಷ್ಟರಲ್ಲಿ 120 ಪರೋಪಜೀವಿ ಸಿಕ್ಕರೆ, ಮೈಕ್ರೋಲೀಟರಿಗೆ 8000 ಬಿಳಿ ಕಣವೆಂದು ಹಿಡಿದು, 120 × 8000 ÷ 200, ಅಂದರೆ ಮೈಕ್ರೋಲೀಟರಿಗೆ 4800 ಪರೋಪಜೀವಿ. ಪರೋಪಜೀವಿ 100ಕ್ಕಿಂತ ಕಡಿಮೆಯಿದ್ದರೆ 500 ಬಿಳಿ ಕಣದವರೆಗೆ ಎಣಿಸಿ.

ಅನುಮಾನ ಬಂದ ಚುಕ್ಕೆಗೆ ಫೋಕಸ್ ತಿರುಗಿಸಿ ನೋಡಿ. ಪರೋಪಜೀವಿಗೆ ಕೆಂಪು ಕ್ರೊಮ್ಯಾಟಿನ್ (ಕೋಶಕೇಂದ್ರದ ಭಾಗ), ನೀಲಿ ಸೈಟೋಪ್ಲಾಸಂ (ಅದರ ಸುತ್ತಲಿನ ಕೋಶದ್ರವ್ಯ) ಎರಡೂ ಇರುತ್ತವೆ. ಬಣ್ಣದ ಕಸ ಬೇರೆ ಮಟ್ಟದಲ್ಲಿ ಫೋಕಸಿಗೆ ಬಂದು ಮಿಣುಗುತ್ತದೆ.