ನಾನಿದ್ದೀನಲ್ಲ ಅಮ್ಮಾ

ಕಳೆದ ಸೋಮವಾರ ಸಂಜೆ ಅಕ್ಕನ ಮಗ ತನ್ನ ಮೊಬೈಲಿನಲ್ಲಿ ನ್ಯಾಯಾಲಯಗಳ ಮಾಹಿತಿ ಸಿಗುವ ಇ-ಕೋರ್ಟ್ಸ್ ತೆರೆದು, ಆಸ್ತಿಯ ಪಾಲಿಗಾಗಿ ನಾನು ಹಾಕಿದ್ದ ದಾವೆಯ ಸಿಎನ್‌ಆರ್ ಸಂಖ್ಯೆಯನ್ನು, ಅಂದರೆ ಪ್ರತಿ ಮೊಕದ್ದಮೆಗೂ ಇರುವ ಗುರುತಿನ ಸಂಖ್ಯೆಯನ್ನು ಒತ್ತಿ, ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತ. ಆಮೇಲೆ "ಚಿಕ್ಕಮ್ಮ, ಇದು ಏಳು ತಿಂಗಳ ಹಿಂದೆಯೇ ವಜಾ ಆಗಿದೆ" ಎಂದ. ಆ ಸೋಮವಾರಕ್ಕೆ ಹನ್ನೆರಡು ದಿನ ಮೊದಲಷ್ಟೇ ನನ್ನ ವಕೀಲರು ಫೋನಿನಲ್ಲಿ, "ವಾಯಿದೆ ಮುಂದಕ್ಕೆ ಹೋಗಿದೆ. ನೀವು ಬರೋದೇನೂ ಬೇಡ, ನಾನಿದ್ದೀನಲ್ಲ ಅಮ್ಮಾ" ಎಂದಿದ್ದರು.

ಮರುದಿನವೇ ಮೈಸೂರಿನ ಚಾಮರಾಜಪುರದ ನ್ಯಾಯಾಲಯಕ್ಕೆ ಹೋಗಿ, ಪ್ರತಿ ವಾಯಿದೆಯಂದು ನಡೆದದ್ದನ್ನು ಬರೆದಿಡುವ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ಗುರುವಾರ ಕೈಗೆ ಬಂದ ಹಾಳೆಗಳಲ್ಲಿ ಮೂರು ವಾಯಿದೆಗಳ ಎದುರು ವಾದಿಯೂ ಇಲ್ಲ, ವಾದಿಯ ವಕೀಲರೂ ಇಲ್ಲ ಎಂದೇ ಬರೆದಿತ್ತು. ಮೂರನೆಯ ದಿನ ದಾವೆ ವಜಾ. ಆ ಮೂರು ದಿನವೂ ನಾನು ಕುವೆಂಪುನಗರದ ಮನೆಯಲ್ಲೇ ಇದ್ದೆ. ಕರೆದಿದ್ದರೆ ಆಟೋ ಹಿಡಿದು ಬರಬಹುದಾಗಿದ್ದಷ್ಟು ಹತ್ತಿರದಲ್ಲಿದ್ದ ನನ್ನನ್ನು 'ಗೈರು' ಎಂದು ಬರೆಸಿದ್ದು ಆ ಒಂದು ಮಾತು, ನಾನಿದ್ದೀನಲ್ಲ.

ಮೊಕದ್ದಮೆ ಸೋತರೆ ಅದನ್ನು ವಕೀಲರ ತಪ್ಪೆಂದು ನಾನು ಹೇಳುವವಳಲ್ಲ. ಜ್ವರ ಬಂದು, ಇನ್ನೊಂದು ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡು ಒಂದು ವಾಯಿದೆ ತಪ್ಪಿದ್ದರೆ ಅದನ್ನೂ ಮನ್ನಿಸುತ್ತಿದ್ದೆ. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ಕಡತಕ್ಕೆ ತರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಲ್ಲಿ ದಾರಿಯಿದೆ, ಅದಕ್ಕೆ 30 ದಿನಗಳ ಗಡುವಿದೆ. ಅವರು ಅಂದೇ ನಿಜ ಹೇಳಿದ್ದರೆ ಸಾಕಿತ್ತು. ಹೇಳದೆ, ಇಲ್ಲದ ವಾಯಿದೆಗಳನ್ನು ಹುಟ್ಟಿಸಿ ಹೇಳುತ್ತಾ, ನಡುವೆ ಸಾಕ್ಷಿಯ ಖರ್ಚಿಗೆಂದು 5,000 ರೂಪಾಯಿಯನ್ನೂ ತರಿಸಿಕೊಂಡರು. ಇದನ್ನು ಅಚಾತುರ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಈಗ ವಿಳಂಬ ಮನ್ನಿಸಿರೆಂದು ಬೇರೆ ಅರ್ಜಿ ಹಾಕಿ, ಏಳು ತಿಂಗಳ ಲೆಕ್ಕ ಒಪ್ಪಿಸಬೇಕಾಗಿದೆ. ಹೊಸದಾಗಿ ವಕಾಲತ್ತು ವಹಿಸಿದ ಹೆಣ್ಣುಮಗಳು, ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನರಳಬಾರದೆಂದು ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದ್ದನ್ನು ತೋರಿಸಿ, ಆದರೂ ನಾವು ನಮ್ಮ ಎಚ್ಚರಿಕೆಯನ್ನು ರುಜುವಾತು ಮಾಡಬೇಕಾಗುತ್ತದೆಂದು ತಿಳಿಸಿದರು. ಫೋನಿನ ಸಂದೇಶಗಳು, ಹಣ ಕಳಿಸಿದ ದಾಖಲೆ, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ಕೊಟ್ಟೆ.

ನಮ್ಮ ಭಾವನವರು ಗ್ರಾಹಕರ ವೇದಿಕೆಗೆ ಹೋಗೆಂದರು. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿರುವುದರಿಂದ ಆ ಬಾಗಿಲು ಮುಚ್ಚಿದೆ. ಉಳಿದಿರುವ ದಾರಿಗಳಲ್ಲಿ ಒಂದು 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು. ಹಾಗೆಂದಾಗ ಅದೇ ಭಾವನವರು, ವಕೀಲರ ಮೇಲೆ ದೂರು ಕೊಟ್ಟವಳಿಗೆ ಮೈಸೂರಿನಲ್ಲಿ ಇನ್ನಾವ ವಕೀಲರೂ ಸಿಗುವುದಿಲ್ಲ, ಸುಮ್ಮನಿರು ಎಂದು ಹೆದರಿಸಿದರು. ಅವರು ಒಳ್ಳೆಯವರೇ, ಆದರೆ ನಮ್ಮ ಮನೆಗಳಲ್ಲಿ ಒಳ್ಳೆಯವರು ಹೆಣ್ಣುಮಕ್ಕಳಿಗೆ ಕೊಡುವ ಸಲಹೆ ಹೆಚ್ಚಾಗಿ ಸುಮ್ಮನಿರುವುದೇ ಆಗಿರುತ್ತದೆ. ಕರಿ ಕೋಟು ಹಾಕಿದವರನ್ನು ಪ್ರಶ್ನಿಸುವುದು ಅಗೌರವವೆಂದು ನಂಬಿಯೇ ನಾನು ನಾಲ್ಕು ವರ್ಷ ಒಂದು ಕಾಗದವನ್ನೂ ಕೇಳಿರಲಿಲ್ಲ. ವೈದ್ಯರ ಬಳಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ತೋರಿಸಿದ ಕಡೆ ಸಹಿ ಹಾಕುತ್ತಾ ಬಂದ ಕೈ ವಕಾಲತ್ತಿಗೂ ಹಾಗೆಯೇ ಸಹಿ ಹಾಕಿತ್ತು.

ಕಡತ ಹಿಂದಿರುಗಿಸಬೇಕಾದರೆ ಬಾಕಿ ಶುಲ್ಕ ಕೊಡಿ ಎಂದು ಆ ಹಳೆಯ ವಕೀಲರ ಗುಮಾಸ್ತ ಹೇಳಿಕಳಿಸಿದ್ದ. ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅದನ್ನೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿದೆ.

ಇಂದು ಬೆಳಿಗ್ಗೆ ಅವರ ಫೋನು ಬಂತು. "ಪತ್ರಗಿತ್ರ ಎಲ್ಲ ಯಾಕೆ ಅಮ್ಮಾ, ನಾನಿದ್ದೀನಲ್ಲ, ಆಫೀಸಿಗೆ ಬನ್ನಿ, ಕೂತು ಮಾತಾಡೋಣ" ಎಂದರು. ನನ್ನ ದನಿ ನಡುಗುತ್ತಿತ್ತು. "ಹೇಳಬೇಕಾದ್ದನ್ನು ಬರೆದು ಕಳಿಸಿ ಸಾರ್" ಎಂದೆ. ಅವರು ಫೋನ್ ಇಟ್ಟ ಮೇಲೆ ಕರೆ ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟೆ.